ಹನ್ನೆರಡು ತಂತಿಯ ಬೇಸ್‌ಗೆ ಕಟ್ಟಿದ್ದ ಚೀಟಿ

೧೯೯೯ರ ಮಾರ್ಚ್‌ನಲ್ಲಿ ನಾನು ಕನ್ನಡ ದಿನಪತ್ರಿಕೆಯೊಂದರಲ್ಲಿ ನಗರ ವರದಿಗಾರನಾಗಿದ್ದೆ. ಕೆಲಸಕ್ಕೆ ಸೇರಿ ಹನ್ನೊಂದು ವರ್ಷವಾಗಿತ್ತು. ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟ್ ನನ್ನ ಪಾಲಿನ ಪ್ರದೇಶ. ಬಾರದ ನೀರು, ಅಗೆದ ರಸ್ತೆ, ಬಡಾವಣೆ ಸಂಘಗಳ ಸಭೆ, ಹೀಗೆ ದಿನಕ್ಕೆ ನಾಲ್ಕೈದು ಸುದ್ದಿ. ಆ ವರ್ಷ ಎಂಟು ದಿನದ ಅಂತರದಲ್ಲಿ ಒಂದೇ ವಾದ್ಯದ ಬಗ್ಗೆ ಎರಡು ಸುದ್ದಿ ಬರೆದೆ. ಎರಡರಲ್ಲೂ ಮಾಹಿತಿ ಕೊಟ್ಟವರ ಹೆಸರಿತ್ತು, ಸ್ಥಳವಿತ್ತು, ದಿನವಿತ್ತು. ಸುದ್ದಿಮನೆಯ ನಿಯಮದ ಪ್ರಕಾರ ಎರಡೂ ಸರಿ. ಎರಡೂ ಸುಳ್ಳು. ನಿವೃತ್ತನಾದ ಮೇಲೂ ಅವನ್ನು ನೆನೆದರೆ ಸಿಟ್ಟು ಏರುತ್ತದೆ. ಆ ಸಿಟ್ಟಿನ ಒಂದು ಪಾಲು ನನ್ನ ಮೇಲೆಯೇ.

ಮೊದಲ ಸುದ್ದಿ ಜಯನಗರ ನಾಲ್ಕನೇ ಬ್ಲಾಕಿನ ಒಂದು ಸಂಗೀತ ವಾದ್ಯಗಳ ಅಂಗಡಿಯಿಂದ ಬಂತು. ಹನ್ನೆರಡು ತಂತಿಯ ಬೇಸ್ ಗಿಟಾರ್ ತಯಾರಾಗಿದೆ, ಬಂದು ನೋಡಿ ಎಂದು ಮಾಲೀಕ ರಮಾಕಾಂತ್ ಪತ್ರಿಕಾ ಪ್ರಕಟಣೆ ಕಳಿಸಿದ್ದರು. ಅಂಗಡಿ ನಮ್ಮ ಜಾಹೀರಾತುದಾರ. ಛಾಯಾಗ್ರಾಹಕನನ್ನು ಕರೆದುಕೊಂಡು ಹೋದೆ.

ಬೇಸ್ ಗಿಟಾರ್ ಎಂದರೆ ಸಾಮಾನ್ಯವಾಗಿ ನಾಲ್ಕು ದಪ್ಪ ತಂತಿ. ಹಾಡಿನ ತಳದಲ್ಲಿ ಗುಂಯ್ ಎನ್ನುವ ಆ ದನಿ ನಿಂತರೆ ಮಾತ್ರ ಅದು ಇತ್ತೆಂದು ಗೊತ್ತಾಗುತ್ತದೆ. ಎಂಟು ತಂತಿಯದರಲ್ಲಿ ಪ್ರತಿ ದಪ್ಪ ತಂತಿಯ ಪಕ್ಕ ಒಂದು ಸಣ್ಣ ತಂತಿ, ಅದೇ ಸ್ವರ, ಒಂದು ಸ್ಥಾಯಿ ಮೇಲೆ. ಹನ್ನೆರಡು ತಂತಿಯದರಲ್ಲಿ ಅಂಥ ಸಣ್ಣ ತಂತಿ ಎರಡೆರಡು. ಬೆರಳು ಒತ್ತುವುದು ಒಂದೇ ಕಡೆ, ಮೊಳಗುವುದು ಮೂರು. ಮೂವರೇ ಇರುವ ಬ್ಯಾಂಡಿನಲ್ಲಿ ಇದೊಂದಿದ್ದರೆ ಇನ್ನೊಬ್ಬ ಗಿಟಾರಿನವ ಬೇಡ ಎಂದು ನುಡಿಸಲು ಬಂದಿದ್ದ ಹುಡುಗ ವಿವರಿಸಿದ. ಅವನ ಹೆಸರು ವೀರೇಶ. ಗದಗ ಕಡೆಯವನು, ಬಿಟಿಎಂನಲ್ಲಿ ಬಾಡಿಗೆ ಕೋಣೆ, ಕೊರಿಯರ್ ಕಚೇರಿಯಲ್ಲಿ ಕೆಲಸ.

ಅವನು ಒಂದು ಸ್ವರ ಮೀಟಿದ. ನನಗೆ ಪಾಶ್ಚಾತ್ಯ ಸಂಗೀತ ತಿಳಿಯದು. ಆದರೆ ಆ ನಾದ ಕೇಳಿ ಕೈಯಲ್ಲಿದ್ದ ಪೆನ್ನು ನಿಂತಿತು. ಕೆಳಗೆ ನೆಲ ನಡುಗಿಸುವಂಥದ್ದು, ಅದರ ಮೇಲೆ ತಂಬೂರಿಯಂತೆ ಝೇಂಕರಿಸುವ ಇನ್ನೊಂದು ಪದರ. ಅಂಗಡಿಯ ಗಾಜಿನ ಕಪಾಟುಗಳು ಸಣ್ಣಗೆ ಅದುರಿದವು. ಹಾರ್ಮೋನಿಯಂ ಬೆಲೆ ವಿಚಾರಿಸುತ್ತಿದ್ದ ಗಿರಾಕಿಯೊಬ್ಬರು ಮಾತು ನಿಲ್ಲಿಸಿ ತಿರುಗಿ ನೋಡಿದರು.

ಮಾಡಿದ್ದು ಯಾರು ಎಂದು ಕೇಳಿದೆ. ಅಷ್ಟನ್ನು ಕೇಳಿದ್ದೆ ಎಂಬುದು ದಾಖಲೆಗಿರಲಿ. ವೀರೇಶ ಬಾಯಿ ತೆರೆದ. ರಮಾಕಾಂತ್ ನಡುವೆ ಬಂದು, "ನಮ್ಮದೇ ವರ್ಕ್‌ಶಾಪ್ ಸಾರ್, ಎಲ್ಲಾ ನಮ್ಮದೇ ಡಿಸೈನು" ಎಂದರು. ವೀರೇಶ ಬಾಯಿ ಮುಚ್ಚಿದ. ನಾನು ಬರೆದುಕೊಂಡೆ. ವಾದ್ಯದ ತಲೆಯ ಭಾಗದಲ್ಲಿ ತಂತಿ ಬಿಗಿಯುವ ಹನ್ನೆರಡು ಬಿರಡೆಗಳು ಸಾಲಾಗಿದ್ದವು, ಅಲ್ಲಿಂದ ಕಂದು ಬಣ್ಣದ ಒಂದು ರಟ್ಟಿನ ಚೀಟಿ ದಾರದಲ್ಲಿ ತೂಗುತ್ತಿತ್ತು. ಬೆಲೆಯ ಚೀಟಿ ಎಂದುಕೊಂಡೆ. ಛಾಯಾಗ್ರಾಹಕ ಅಲ್ಲೇ ಹತ್ತಿರದಿಂದ ಕ್ಲಿಕ್ಕಿಸಿದ. ಭಾನುವಾರ ಮೂರು ಕಾಲಂ ಚಿತ್ರದೊಂದಿಗೆ ಸುದ್ದಿ ಬಂತು. ಮುದ್ರಿತ ಚಿತ್ರದಲ್ಲಿ ಚೀಟಿ ಇರಲಿಲ್ಲ. ಇಲ್ಲದ್ದನ್ನು ನಾನು ಗಮನಿಸಲೂ ಇಲ್ಲ.

ಮರು ಶನಿವಾರ ಸಂಜೆ ಜೆ.ಪಿ. ನಗರದ ಒಂದು ಸಭಾಂಗಣದಲ್ಲಿ ಆ ವಾದ್ಯದ ಪ್ರದರ್ಶನವಿತ್ತು. ನಾನು ಹೋಗಿರಲಿಲ್ಲ. ಎರಡನೇ ಹಾಡಿನಲ್ಲಿ ವಾದ್ಯದ ಕತ್ತು ಬುಡದಲ್ಲಿ ಸೀಳಿತು, ಹರಿದ ತಂತಿಯೊಂದು ಚಿಮ್ಮಿ ವೀರೇಶನ ಬೆರಳು ಕತ್ತರಿಸಿತು, ಎರಡು ಹೊಲಿಗೆ ಬಿದ್ದವು. ಇದನ್ನೆಲ್ಲ ಭಾನುವಾರ ಫೋನಿನಲ್ಲಿ ತಿಳಿಸಿದವರು ರಮಾಕಾಂತ್. ಈಗ ಅವರ ವರ್ಕ್‌ಶಾಪ್ ಮಾಯವಾಗಿತ್ತು. ವಾದ್ಯವನ್ನು ಇಟ್ಟಮಡುವಿನ ನಂಜುಂಡಾಚಾರ್ ಎಂಬ ಬಡಗಿಯಿಂದ ಮಾಡಿಸಲಾಗಿತ್ತು, ಆತ ಕಳಪೆ ಮರ ಬಳಸಿದ್ದಾನೆ ಎಂದರು. ಹೆಸರಿನ ಕಾಗುಣಿತವನ್ನು ಎರಡು ಸಲ ಕೇಳಿ ಖಚಿತ ಮಾಡಿಕೊಂಡೆ. ಹದಿನೆಂಟು ಸಾಲು ಬರೆದೆ. ಕೊನೆಯಲ್ಲಿ, "ಎಂದು ಅವರು ತಿಳಿಸಿದ್ದಾರೆ."

ಈ ಕ್ರಿಯಾಪದದ ಬಗ್ಗೆ ಓದುಗರಿಗೆ ಒಂದು ಮಾತು ಹೇಳಬೇಕು. ವರದಿಗಾರನಿಗೆ ಅದು ಕೊಡೆ ಇದ್ದಂತೆ. ಮೇಲಿನಿಂದ ಏನು ಸುರಿದರೂ ಅವನು ಒದ್ದೆಯಾಗುವುದಿಲ್ಲ. ಪಕ್ಕದಲ್ಲಿ ನಿಂತವರು ತೊಯ್ದು ಹೋಗುತ್ತಾರೆ.

ಬುಧವಾರ ಬೆಳಿಗ್ಗೆ ಕಚೇರಿಯಲ್ಲಿ ನನ್ನ ಮೇಜಿನ ಮುಂದೆ ಅರವತ್ತರ ಆಸುಪಾಸಿನ ಒಬ್ಬರು ಬಂದು ನಿಂತರು. ಬಿಳಿ ಅಂಗಿ, ಪಂಚೆ, ಉಗುರಿನ ಸಂದಿಯಲ್ಲಿ ಅರಗಿನ ಕಪ್ಪು. ನನ್ನ ಎರಡೂ ಸುದ್ದಿಗಳನ್ನು ಕತ್ತರಿಸಿ ತಂದಿದ್ದರು. ಎರಡನ್ನೂ ಮೇಜಿನ ಮೇಲೆ ಪಕ್ಕಪಕ್ಕದಲ್ಲಿಟ್ಟು, ಮೊದಲನೆಯದರ ಮೇಲೆ ಬೆರಳಿಟ್ಟರು.

"ಇದ್ರಲ್ಲಿ ನಾನಿಲ್ಲ ಸಾರ್." ಬೆರಳು ಎರಡನೆಯದಕ್ಕೆ ಸರಿಯಿತು. "ಇದ್ರಲ್ಲಿದ್ದೀನಿ. ಮಧ್ಯದಲ್ಲಿ ಎಲ್ಲಿಂದ ಬಂದೆ ನಾನು?"

ಅವರು ನಂಜುಂಡಾಚಾರ್. ದನಿ ಏರಿಸಲಿಲ್ಲ. ಮೂವತ್ತೈದು ವರ್ಷದಿಂದ ವೀಣೆ, ತಂಬೂರಿ ಮಾಡುವವರು. ಕುರ್ಚಿ ತೋರಿಸಿದರೂ ಕೂರದೆ ಹೇಳಿದ್ದಿಷ್ಟು: ಬಸವನಗುಡಿಯ ವೀಣೆ ಮೇಡಂ ಒಬ್ಬರು ದುರಸ್ತಿಗೆ ಕೊಟ್ಟಿದ್ದ ಎರಡು ವೀಣೆಗಳನ್ನು ಮಂಗಳವಾರ ಆಟೋ ತಂದು ವಾಪಸು ಒಯ್ದಿದ್ದರು. ಇಪ್ಪತ್ತು ವರ್ಷದಿಂದ ಅವರ ಶಿಷ್ಯರ ವೀಣೆಗಳೆಲ್ಲ ಇವರ ಕೈಗೇ ಬರುತ್ತಿದ್ದವು. ಯಾಕೆಂದು ಮೇಡಂ ಹೇಳಲಿಲ್ಲ. ಇವರು ಕೇಳಲಿಲ್ಲ. ಮೇಡಂ ಕೈಚೀಲದಲ್ಲಿ ನಮ್ಮ ಪತ್ರಿಕೆ ಇತ್ತು.

"ಕಳಪೆ ಮರ ಅಂತ ಬರ್ದಿದೀರ. ಮರ ನೋಡಿದ್ರಾ?"

ನೋಡಿರಲಿಲ್ಲ. ಅವತ್ತು ಮಧ್ಯಾಹ್ನ ಇಟ್ಟಮಡುವಿಗೆ ಹೋದೆ. ಮನೆಯ ಪಕ್ಕಕ್ಕೆ ಶೀಟು ಹೊದಿಸಿದ ಶೆಡ್ಡು. ಬೆರಳಿಗೆ ಬ್ಯಾಂಡೇಜ್ ಸುತ್ತಿದ ವೀರೇಶ ಆಗಲೇ ಅಲ್ಲಿದ್ದ. ಮುರಿದ ವಾದ್ಯ ಬೆಂಚಿನ ಮೇಲೆ ಮಲಗಿತ್ತು. ನಡೆದದ್ದನ್ನು ಇಬ್ಬರೂ ಸರದಿಯಲ್ಲಿ ಹೇಳಿದರು.

ಎರಡು ವರ್ಷದ ಹಿಂದೆ ವೀರೇಶ ಒಂದು ಎಂಟು ತಂತಿಯ ಬೇಸ್ ಮಾಡಿಕೊಡಿ ಎಂದು ಕೇಳಿಕೊಂಡು ಬಂದಿದ್ದ. ಆಚಾರ್ ಅಂಥದ್ದನ್ನು ಕಂಡವರಲ್ಲ. ಅವನು ಕ್ಯಾಸೆಟ್ ಕೇಳಿಸಿದ. ದಪ್ಪ ತಂತಿಯ ಜತೆ ಸಣ್ಣದು ಏಳುವುದನ್ನು ಕೇಳಿ, "ತಂಬೂರಿಗೆ ಜೀವಾಳ ಇಟ್ಟಂಗೆ ಅದೆ" ಎಂದರಂತೆ. ಜೀವಾಳ ಎಂದರೆ ತಂಬೂರಿಯ ತಂತಿಯ ಕೆಳಗೆ ಸಿಕ್ಕಿಸುವ ನೂಲಿನ ಎಳೆ. ಅದನ್ನಿಟ್ಟಾಗಲೇ ತಂತಿ ಹಾಡುವುದು. ಎಂಟು ತಂತಿಯದು ಚೆನ್ನಾಗಿ ಬಂತು. ಹನ್ನೆರಡಕ್ಕೆ ಆಸೆ ಹುಟ್ಟಿದ್ದು ವೀರೇಶನಿಗಿಂತ ಆಚಾರರಿಗೇ ಹೆಚ್ಚು.

ತೊಡಕೆಂದರೆ ಎಳೆತ. ಹನ್ನೆರಡು ತಂತಿ ಸೇರಿ ಕತ್ತನ್ನು ಎಳೆಯುವ ಬಲ ನಾಲ್ಕು ತಂತಿಯದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಅದಕ್ಕಾಗಿ ಹಲಸಿನ ಮರದ ಕತ್ತಿನೊಳಗೆ ಎರಡು ಉಕ್ಕಿನ ಸರಳು ಕೂರಿಸಿದ್ದರು. ಸೀಳಿದ ಜಾಗ ತೋರಿಸಿದರು. ಮರ ಹುಳು ಹಿಡಿದದ್ದಲ್ಲ, ಗಂಟೂ ಇರಲಿಲ್ಲ. ಅಂಟು ಹಾಕಿದ ಬೆಸುಗೆ ಪೂರ್ತಿ ಕೂರುವ ಮೊದಲೇ ಬಿಟ್ಟುಕೊಂಡಿತ್ತು. ಹೊಸ ವಾದ್ಯವನ್ನು ಮೊದಲ ತಿಂಗಳು ತಂತಿ ಸಡಿಲಿಸಿ, ಶ್ರುತಿ ಇಳಿಸಿಯೇ ಇಡಬೇಕು, ಮರ ಭಾರ ಹೊರಲು ಕಲಿಯಬೇಕು. ಬಿರಡೆ ಮತ್ತು ತಂತಿಯ ದನಿ ಹಿಡಿಯುವ ಪಿಕಪ್‌ಗಳನ್ನು ಒದಗಿಸಿದ್ದ ರಮಾಕಾಂತ್, ಅದಕ್ಕೆ ಬದಲಾಗಿ ವಾದ್ಯ ಒಂದು ತಿಂಗಳು ತಮ್ಮ ಶೋಕೇಸಿನಲ್ಲಿರಲಿ ಎಂದು ಕೇಳಿ ಒಯ್ದಿದ್ದರು. ಪ್ರದರ್ಶನದ ಹಿಂದಿನ ದಿನ ಅಂಗಡಿಯಲ್ಲಿ ಮೊದಲಿದ್ದವಕ್ಕಿಂತ ದಪ್ಪ ತಂತಿಗಳನ್ನು ಹಾಕಿ, ಒಂದೇ ಸಲಕ್ಕೆ ಪೂರ್ಣ ಶ್ರುತಿಗೆ ಏರಿಸಿದ್ದರು.

"ಮದ್ಲೇ ಹೇಳಬೇಕಿತ್ರಿ ಸರ್ ನಾ, ನೀವು ಕೇಳಿದಾಗ್ಲೇ" ಎಂದ ವೀರೇಶ. "ಬಿರಡಿ ಅವರ್ವು. ಕಸಗೊಂಡ್ರ ಮುಂದ ಹೆಂಗ ಅಂತ ಅಂಜಿದೆ."

ಏರಿಸಬಾರದು ಎಂದು ಅಂಗಡಿಯವರಿಗೆ ಹೇಳಿದ್ದಿರಾ ಎಂದು ಆಚಾರರನ್ನು ಕೇಳಿದೆ. ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರವೆನಿಸಿತು. ಹೊಸ ವಾದ್ಯ ಶೆಡ್ಡಿನಿಂದ ಹೊರಡುವಾಗ ಬಿರಡೆಗೆ ಸೂಚನೆ ಬರೆದ ಚೀಟಿ ಕಟ್ಟುವುದು ಅವರ ತಂದೆಯ ಕಾಲದಿಂದ ಬಂದ ಪದ್ಧತಿ. ನಾದ ಕೂರುವವರೆಗೆ ಅದನ್ನು ಬಿಚ್ಚುವಂತಿಲ್ಲ. ರಮಾಕಾಂತ್‌ಗೆ ಅಲ್ಲಿಂದಲೇ ಫೋನ್ ಮಾಡಿದೆ. ಚೀಟಿ ಗೀಟಿ ಏನೂ ಇರಲಿಲ್ಲ, ಆ ಬಡಗಿ ಈಗ ಕಥೆ ಕಟ್ಟುತ್ತಿದ್ದಾನೆ ಎಂದರು.

ಫೋನ್ ಇಟ್ಟ ಮೇಲೆ ನನಗೆ ಕಂದು ಬಣ್ಣದ ರಟ್ಟು ನೆನಪಾಯಿತು.

ಕಚೇರಿಗೆ ವಾಪಸು ಬಂದು ಫೋಟೊ ವಿಭಾಗದಲ್ಲಿ ಆ ದಿನದ ಕಾಂಟ್ಯಾಕ್ಟ್ ಶೀಟ್ ತೆಗೆಸಿದೆ. ಒಂದು ಫಿಲಂ ರೋಲಿನ ಎಲ್ಲ ಚಿತ್ರಗಳನ್ನೂ ಅಂಚೆಚೀಟಿ ಗಾತ್ರದಲ್ಲಿ ಮುದ್ರಿಸಿದ ಹಾಳೆ ಅದು. ಬೇಕಾದ ಚಿತ್ರವನ್ನು ಆರಿಸಿ, ಎಷ್ಟು ಭಾಗ ಪತ್ರಿಕೆಗೆ ಎಂದು ಕೆಂಪು ಪೆನ್ಸಿಲ್ಲಿನಲ್ಲಿ ಗೆರೆ ಹಾಕುತ್ತಿದ್ದರು. ಹದಿನಾಲ್ಕನೇ ಚಿತ್ರದಲ್ಲಿ ಚೀಟಿ ಇತ್ತು. ಕೆಂಪು ಗೆರೆ ಅದರ ಪಕ್ಕದಲ್ಲೇ ಇಳಿದು, ಅದನ್ನು ನೀಟಾಗಿ ಹೊರಗಿಟ್ಟಿತ್ತು. ಗೆರೆ ನಮ್ಮ ಮುಖ್ಯ ಉಪಸಂಪಾದಕ ಅನಂತಯ್ಯನವರದು. ಕೆಳಗಿದ್ದ ಚಿತ್ರಶೀರ್ಷಿಕೆ ನನ್ನ ಕೈಬರಹ.

ನೆಗೆಟಿವ್ ಹಿಗ್ಗಿಸಿ ಪ್ರಿಂಟ್ ಹಾಕಿಸಿದೆ. ಅಕ್ಷರಗಳು ಸಲೀಸಾಗಿ ಓದುವಷ್ಟು ಬಂದವು: ಎರಡು ಮೆಟ್ಟು ಇಳಿಸಿ ಶ್ರುತಿ ಮಾಡಿ. ಒಂದು ತಿಂಗಳು ಏರಿಸಬೇಡಿ. ದಪ್ಪ ತಂತಿ ಹಾಕಬೇಡಿ. ನಂಜುಂಡಾಚಾರ್, ಇಟ್ಟಮಡು.

ಮಾಡಿದವರ ಹೆಸರು, ಊರು, ಮುರಿಯದಂತೆ ಕಾಪಾಡುವ ಕ್ರಮ, ಎಲ್ಲವೂ ನನ್ನ ಮುಖದಿಂದ ಎರಡಡಿ ದೂರದಲ್ಲಿ, ನನ್ನದೇ ಭಾಷೆಯಲ್ಲಿ ತೂಗುತ್ತಿದ್ದವು.

ಪ್ರಿಂಟ್ ತೆಗೆದುಕೊಂಡು ಮರುದಿನ ಅಂಗಡಿಗೆ ಹೋದೆ. ರಮಾಕಾಂತ್ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಆಮೇಲೆ, ಶೋಕೇಸಿನಲ್ಲಿ ಅಂಥ ರಟ್ಟು ಚೆನ್ನಾಗಿ ಕಾಣುವುದಿಲ್ಲವೆಂದು ಕೆಲಸದವರು ಬಿಚ್ಚಿರಬಹುದು ಎಂದರು. ಓದದೆ ಬಿಚ್ಚಿದಿರಾ ಎಂದು ಕೇಳಿದೆ.

"ನೀವೂ ಇಲ್ಲೇ ನಿಂತಿದ್ರಲ್ಲ ಸಾರ್" ಎಂದರು ನಗುತ್ತ. "ನೀವು ಓದಿದ್ರಾ?"

ಹೊಡೆಯಬೇಕೆನಿಸಿತು. ಪ್ರಿಂಟ್ ಎತ್ತಿಕೊಂಡು ಹೊರಬಂದೆ.

ಸಂಜೆ ಅನಂತಯ್ಯನವರ ಮುಂದೆ ಎಲ್ಲವನ್ನೂ ಇಟ್ಟೆ. ಅವರು ಕೆಟ್ಟವರಲ್ಲ, ಕೆಲಸ ಬಲ್ಲವರು. ಒಳಪುಟದಲ್ಲಿ ಮೂರು ಸಾಲಿನ ಸ್ಪಷ್ಟನೆ ಹಾಕೋಣ ಎಂದರು. ತಪ್ಪು ಯಾವುದೆಂದು ಹೇಳದೆಯೇ ವಿಷಾದಿಸುವ ಕಲೆ ನಮ್ಮ ಸ್ಪಷ್ಟನೆಗಳಿಗೆ ಸಿದ್ಧಿಸಿತ್ತು. ನನಗೆ ಅದು ಬೇಡವಾಗಿತ್ತು. ಅದೇ ಪುಟ, ಅದೇ ಮೂರು ಕಾಲಂ, ಕತ್ತರಿಸದ ಚಿತ್ರ, ಮತ್ತು ಚೀಟಿಯನ್ನು ಕತ್ತರಿಸಿದವರು ನಾವೇ ಎಂಬ ಒಂದು ವಾಕ್ಯ ಬೇಕು ಎಂದೆ.

"ನಮ್ಮ ಕತ್ತರಿ ಬಗ್ಗೆ ನಾವೇ ಬರ್ಕೊಳೋದೇನಯ್ಯಾ?"

"ಹೌದು ಸಾರ್. ಅವರ ಮರದ ಬಗ್ಗೆ ಬರೆದ್ವಲ್ಲ."

ಹನ್ನೊಂದು ವರ್ಷದಲ್ಲಿ ನಾನು ಅವರಿಗೆ ಎದುರಾಡಿದ್ದು ಅದೊಂದೇ ಸಲ. ಜಾಹೀರಾತು ವಿಭಾಗದವರು ಬಂದರು, ಮಾತು ಬೆಳೆಯಿತು, ಶುಕ್ರವಾರದವರೆಗೂ ಎಳೆಯಿತು. ಕಡೆಗೆ ದಕ್ಕಿದ್ದು ಒಂದೇ ಕಾಲಂ. ಚೀಟಿ ಕಾಣುವ ಚಿತ್ರ ಬಂತು. ವಾದ್ಯ ತಯಾರಿಸಿದವರು ನಂಜುಂಡಾಚಾರ್, ಮುರಿದದ್ದು ಅವರ ಲಿಖಿತ ಸೂಚನೆ ಪಾಲಿಸದ್ದರಿಂದ, ಮೊದಲೇ ಅವರನ್ನು ವಿಚಾರಿಸದೆ ವರದಿ ಮಾಡಿದ್ದು ಪತ್ರಿಕೆಯ ತಪ್ಪು ಎಂಬ ಮಾತುಗಳೂ ಬಂದವು. ಕತ್ತರಿಯ ವಾಕ್ಯ ಬರಲಿಲ್ಲ. ಅದನ್ನೂ ಕತ್ತರಿಸಲಾಗಿತ್ತು.

ಬಸವನಗುಡಿಯ ಮೇಡಂ ಎರಡರಲ್ಲಿ ಒಂದು ವೀಣೆಯನ್ನು ವಾಪಸು ಕಳಿಸಿದರು. ಇನ್ನೊಂದು ಬರಲಿಲ್ಲ. ಯಾಕೆಂದು ಆಗಲೂ ಆಚಾರ್ ಕೇಳಲಿಲ್ಲ. ಹದಿನೆಂಟು ಸಾಲಿನಲ್ಲಿ ಹೋದದ್ದು ಒಂದು ಕಾಲಂನಲ್ಲಿ ಪೂರ್ತಿ ಮರಳುವುದಿಲ್ಲ.

ಜೂನ್‌ನಲ್ಲಿ ವೀರೇಶ ಫೋನ್ ಮಾಡಿ ಕರೆದ. ಹೊಸ ಕತ್ತು ಕೂರಿಸಿಯಾಗಿತ್ತು. ವೀರೇಶ ಬೇರೆ ಕಡೆಯಿಂದ ಬಿರಡೆ ತರಿಸಿದ್ದ. ಬೆರಳನ್ನು ಇನ್ನೂ ಪೂರ್ತಿ ಮಡಚಲಾಗುತ್ತಿರಲಿಲ್ಲ, ಆದರೂ ಎರಡು ಮೆಟ್ಟು ಇಳಿಸಿದ ಶ್ರುತಿಯಲ್ಲೇ ಒಂದು ಸ್ವರ ಮೀಟಿದ. ಅಂಗಡಿಯಲ್ಲಿ ಕೇಳಿದ್ದಕ್ಕಿಂತ ದನಿ ತಗ್ಗಿನಲ್ಲಿತ್ತು, ಶೆಡ್ಡಿನ ಶೀಟುಗಳು ಗುನುಗಿದವು. ಗೋಡೆಗೆ ಒರಗಿಸಿದ್ದ ತಂಬೂರಿಯೊಂದು ಯಾರೂ ಮುಟ್ಟದೆಯೇ ಸಣ್ಣಗೆ ಮಿಡಿಯಿತು. ಅದು ಅಡಗುವವರೆಗೆ ಆಚಾರ್ ಕಾದರು.

ಆಮೇಲೆ ಒಂದು ರಟ್ಟಿನ ತುಂಡು ಕತ್ತರಿಸಿ, ಪೆನ್ನಿನೊಂದಿಗೆ ನನ್ನ ಕೈಗೆ ಕೊಟ್ಟರು.

"ನೀವೇ ಬರೀರಿ ಸಾರ್, ಬರಿಯೋರು. ನಾನ್ ಹೇಳ್ದಷ್ಟೇ ಬರೀರಿ."

ವೀರೇಶ ನಕ್ಕ. ಆಚಾರ್ ನಗಲಿಲ್ಲ. ಹೇಳಿದ ಮೂರು ಸೂಚನೆಗಳನ್ನು ಬರೆದೆ, ಕೆಳಗೆ ಅವರ ಹೆಸರು, ಊರು ಬರೆದೆ. ಈಗ ಓದಿ ಎಂದರು. ಓದಿದೆ. ದಪ್ಪ ತಂತಿ ಎನ್ನುವಲ್ಲಿ ತಡೆದು, ಎಷ್ಟು ದಪ್ಪ ಎಂಬುದನ್ನೂ ಬರೆಸಿದರು. ಮತ್ತೊಮ್ಮೆ ಓದಿಸಿ, ಸರಿ ಎಂದು ತಲೆಯಾಡಿಸಿ, ದಾರ ಹಾಕಿ ಬಿರಡೆಗೆ ಕಟ್ಟಿದರು.

ಅಲ್ಲಿಂದ ನಿವೃತ್ತಿಯವರೆಗೂ, ಯಾರ ಮೇಲಾದರೂ ದೂರು ಹೊರಿಸುವ ಸುದ್ದಿಯನ್ನು ಆ ವ್ಯಕ್ತಿಗೇ ಓದಿ ಹೇಳದೆ ನಾನು ಡೆಸ್ಕಿಗೆ ಕೊಟ್ಟಿಲ್ಲ. ಇದರಿಂದ ಎಷ್ಟೋ ಸುದ್ದಿಗಳು ಒಂದು ದಿನ ತಡವಾದವು, ಕೆಲವು ಬೇರೆ ಪತ್ರಿಕೆಯಲ್ಲಿ ಮೊದಲು ಬಂದವು, ಬೈಸಿಕೊಂಡೆ. ಹನ್ನೊಂದು ವರ್ಷ ಬರೆದ ಮೇಲೆ, ಬರೆದದ್ದನ್ನು ಅದು ಯಾರಿಗೆ ಸಂಬಂಧಿಸಿದ್ದೋ ಅವರ ಎದುರಿಗೇ ಓದಿದ್ದು ಆ ಶೆಡ್ಡಿನಲ್ಲೇ ಮೊದಲು. ಅಷ್ಟು ವರ್ಷ ಯಾರೂ ಹಾಗೆ ಓದಲು ಹೇಳಿರಲಿಲ್ಲ, ನನಗೂ ಹೊಳೆದಿರಲಿಲ್ಲ.