ಕಾವಲಿನ ರಸ್ತೆ ಮತ್ತು ಅಳದೇ ಕಳೆದ ಬೇಸಿಗೆ

ಆ ದಿನಗಳಲ್ಲಿ ನಮ್ಮಜ್ಜಿಯ ಊರಿನಿಂದ ವರವು ಕಾವಲು ಅನ್ನುವ ಹುಲ್ಲುಗಾವಲಿನ ಕಡೆ ಹೋಗುವ ರಸ್ತೆಯಲ್ಲಿ ಒಂದು ಕಾರು ಬಂದರೆ, ಅದು ಯಾರದು, ಯಾಕೆ ಬಂತು ಅಂತ ಊರಿನವರು ಸಂಜೆಯವರೆಗೆ ಮಾತಾಡುತ್ತಿದ್ದರು. ಬೆಳಿಗ್ಗೆ ಹಾಲಿನ ಟೆಂಪೊ, ಹೊತ್ತು ಮುಳುಗುವಾಗ ಚಳ್ಳಕೆರೆಯ ಬಸ್ಸು, ಅಷ್ಟೆ. ಮಿಕ್ಕ ಹೊತ್ತೆಲ್ಲ ಆ ರಸ್ತೆ ಕುರಿಗಳದ್ದು, ಓತಿಕ್ಯಾತಗಳದ್ದು. ಎರಡೂ ಕಡೆ ಒಣಗಿದ ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿಗಿಡ. ಅಂಥ ರಸ್ತೆಯನ್ನು ನೀವೂ ನೋಡಿರುತ್ತೀರಿ. ನೋಡಿದಾಗ ಅದರಲ್ಲೇನು ವಿಶೇಷ ಅನ್ನಿಸಿರಲಿಕ್ಕಿಲ್ಲ. ನನಗೂ ಅನ್ನಿಸಿರಲಿಲ್ಲ.

ನನ್ನ ನಾಲ್ಕನೇ ಕ್ಲಾಸಿನ ಪರೀಕ್ಷೆ ಮುಗಿದ ವಾರ ಅವ್ವ ಕಾಮಾಲೆಯಿಂದ ತೀರಿಕೊಂಡಳು. ಅಪ್ಪನಿಗೆ ಚಳ್ಳಕೆರೆಯಲ್ಲಿ ಹಿಂಡಿ ಅಂಗಡಿ. ನನ್ನನ್ನು ನೋಡಿಕೊಂಡು ಅಂಗಡಿಯನ್ನೂ ನೋಡಿಕೊಳ್ಳುವುದು ಅವನಿಂದ ಆಗುತ್ತಿರಲಿಲ್ಲ. ಹಾಗಾಗಿ ಆ ರಜೆಗೆ ನನ್ನನ್ನು ಅಜ್ಜಿಯ ಊರಿಗೆ, ಅಂದರೆ ಅವ್ವನ ತವರಿಗೆ, ಕಳಿಸಿದ. ಅಲ್ಲಿದ್ದವರು ಅಜ್ಜಿ ಮತ್ತು ಇನ್ನೂ ಮದುವೆಯಾಗದ ಸಿದ್ದಮಾವ.

ನಾನು ಅತ್ತಿರಲಿಲ್ಲ. ಮಣ್ಣು ಮಾಡುವಾಗಲೂ ಇಲ್ಲ, ಆಮೇಲೂ ಇಲ್ಲ. ತಡೆದುಕೊಂಡೆ ಅಂತಲ್ಲ. ಬರಲೇ ಇಲ್ಲ. ಒಳಗೆಲ್ಲ ಜೋಮು ಹಿಡಿದ ಕಾಲಿನ ಹಾಗಿತ್ತು.

ಅಜ್ಜಿಯ ಊರಿನ ಹೆಂಗಸರಿಗೆ ಇದೇ ದೊಡ್ಡ ಚಿಂತೆಯಾಯಿತು. ಬರುವವರು ಹೊಸ್ತಿಲಲ್ಲೇ ರಾಗ ತೆಗೆಯುತ್ತಿದ್ದರು. "ಯವ್ವಾ, ನನ್ನ ಕಂದಾ, ನಿನ್ನ ಬಿಟ್ಟು ಹೆಂಗೆ ಹೋದ್ಲೇ" ಅನ್ನುತ್ತ ನನ್ನ ಮುಖವನ್ನು ಎದೆಗೆ ಒತ್ತಿಕೊಳ್ಳುತ್ತಿದ್ದರು. ಬೆವರು, ಎಲೆಅಡಿಕೆ, ವಿಭೂತಿ ಎಲ್ಲ ಸೇರಿದ ವಾಸನೆ ಈಗಲೂ ಮೂಗಿನಲ್ಲಿದೆ. ಸ್ವಲ್ಪ ಹೊತ್ತಾದ ಮೇಲೆ ಮುಖವನ್ನು ಹಿಂದಕ್ಕೆ ಸರಿಸಿ, ಕಣ್ಣು ಒದ್ದೆಯಾಗಿದೆಯಾ ಅಂತ ನೋಡುತ್ತಿದ್ದರು. ಆಗಿರುತ್ತಿರಲಿಲ್ಲ. ಅವರಿಗೆ ಬೇಜಾರಾಗುತ್ತಿತ್ತು.

ಪಕ್ಕದ ಮನೆಯ ಗೌರಕ್ಕ ಇದರಲ್ಲೆಲ್ಲ ಮುಂದು. "ದುಃಖ ಒಳಗೇ ಕುಂತ್ರೆ ಮಗೀಗೆ ಹುಚ್ಚು ಹಿಡಿತೈತೆ ಕಣಮ್ಮ. ಹೆಂಗಾದ್ರೂ ಮಾಡಿ ಅಳಿಸ್ರಿ" ಅಂತ ಅಜ್ಜಿಗೆ ಹೇಳಿ, ತಾನೇ ಒಂದು ಬುಟ್ಟಿ ಈರುಳ್ಳಿ ತಂದು ನನ್ನ ಮುಂದೆ ಸುರಿದಳು. ಹೆಚ್ಚಿದೆ. ಕಣ್ಣಲ್ಲಿ ನೀರು ಬಂತು.

"ಬಂತು ಬಂತು!" ಅಂದಳು ಗೌರಕ್ಕ.

"ಅದು ಈರುಳ್ಳಿದು ಬಿಡೇ ಗೌರಿ" ಅಂದಳು ಅಜ್ಜಿ.

ಗೌರಕ್ಕನ ಮಗಳು ರತ್ನಿ ನನ್ನ ವಾರಿಗೆಯವಳು. ಒಂದು ದಿನ ಕುಂಟೆಬಿಲ್ಲೆ ಆಡುತ್ತಿದ್ದವಳು ಒಂಟಿ ಕಾಲಲ್ಲೇ ನಿಂತು ಕೇಳಿದಳು, "ಲೇ ಉಮಿ, ನಿಮ್ಮವ್ವನ್ನ ಕಂಡ್ರೆ ನಿಂಗೆ ಇಷ್ಟ ಇರಲಿಲ್ವಾ?" ಅವಳದೇನೂ ತಪ್ಪಿಲ್ಲ. ಊರೆಲ್ಲ ಆಡುತ್ತಿದ್ದ ಮಾತು ಅದು, ಮಕ್ಕಳ ಬಾಯಿಗೆ ಬಂದಿತ್ತು. ಆದರೆ ನನಗೆ ಹೆದರಿಕೆಯಾಯಿತು. ಇಷ್ಟ ಇದ್ದಿದ್ದರೆ ಅಳು ಬರಬೇಕಿತ್ತಲ್ಲ. ಎಲ್ಲರಿಗೂ ಬಂದದ್ದು ನನಗೊಬ್ಬಳಿಗೆ ಯಾಕೆ ಬರಲಿಲ್ಲ? ಆಟ ಅಲ್ಲಿಗೇ ಬಿಟ್ಟು ಒಳಗೆ ಬಂದು ಮೂಟೆಗಳ ಹಿಂದೆ ಕೂತೆ.

ಅವತ್ತು ಸಂಜೆ ಅಜ್ಜಿ ಮಾವನಿಗೆ ಹೇಳಿದ್ದು ನನಗೆ ಕೇಳಿಸಿತು.

"ಸಿದ್ದಾ, ಇದಕ್ಕೆ ಸೈಕಲ್ ಕಲಿಸು."

"ಹೆಣ್ಣುಡ್ಗಿಗೆ ಯಾಕವ್ವಾ ಸೈಕಲ್ಲು? ಬಿದ್ದುಗಿದ್ದಾತು."

"ಬೀಳ್ಲಿ ಅಂತ್ಲೇ ಹೇಳ್ತಿರೋದು. ಒಂದ್ಸಲ ಮಂಡಿ ತರಚಿದ್ರೆ ಅಳ್ತೈತೆ. ಆ ನೆಪಕ್ಕೆ ಒಳಗಿರೋ ದುಃಖನೂ ಹೊರಗೆ ಬರ್ತೈತೆ."

ಹೀಗೆ, ನಮ್ಮ ಮನೆತನದಲ್ಲಿ ಯಾವ ಹೆಣ್ಣುಮಗಳಿಗೂ ಸಿಗದಿದ್ದ ಸೈಕಲ್ಲು ನನಗೆ ಸಿಕ್ಕಿತು. ಬೀಳಲಿ ಅಂತ.

ಮಾವನದು ದೊಡ್ಡವರ ಸೈಕಲ್ಲು. ಸೀಟಿನ ಮೇಲೆ ಕೂತರೆ ಕಾಲು ಎಟುಕುವುದಿಲ್ಲ. ಕಂಬಿಯ ಕೆಳಗೆ ಒಂದು ಕಾಲು ತೂರಿಸಿ, ಮೈ ಸೊಟ್ಟ ಮಾಡಿಕೊಂಡು ತುಳಿಯಬೇಕು. ಮಾವ ಕ್ಯಾರಿಯರ್ ಹಿಡಿದು ಓಡಿ ಬರುತ್ತಿದ್ದ. ನಾನು ಬೀಳಲಿಲ್ಲ. ಪಾಪ, ಅವನು ಬೇಕೆಂದೇ ಕೈ ಬಿಟ್ಟ, ಆಗಲೂ ಬೀಳಲಿಲ್ಲ. ಎದುರಿಗೆ ಏನಾದರೂ ಬಂದಿದ್ದರೆ ಗಾಬರಿಯಾಗಿ ಬೀಳುತ್ತಿದ್ದೆನೇನೋ, ಆ ರಸ್ತೆಯಲ್ಲಿ ಬರುವುದಾದರೂ ಏನು? ಕೊನೆಗೆ ಒಂದು ದಿನ ಜಾಲಿಗಿಡಕ್ಕೆ ನುಗ್ಗಿ ಬಿದ್ದೆ. ಮಂಡಿ ಕಿತ್ತು ರಕ್ತ ಬಂತು. ಮಾವ ಓಡಿ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

"ಉರಿತೈತೇನೇ?"

"ಇಲ್ಲ ಮಾವ."

"ಸ್ವಲ್ಪನೂ ಇಲ್ವಾ?"

"ಇಲ್ಲ."

ಅವನ ಮುಖ ಸಪ್ಪಗಾಯಿತು. ಯಾವುದೋ ಸೊಪ್ಪು ಹಿಂಡಿ ರಸ ಬಿಟ್ಟು, ಸೈಕಲ್ ಎತ್ತಿ ನಿಲ್ಲಿಸಿ, "ಹೋಗ್ಲಿ ಬಿಡು, ತುಳಿ" ಅಂದ.

ಅವತ್ತಿನಿಂದ ಒಬ್ಬಳೇ ಹೋಗತೊಡಗಿದೆ. ಮುದ್ದೆ, ಹುರುಳಿ ಸಾರು ಉಂಡು, ಲಂಗದ ಜೇಬಿಗೆ ಹುರಿದ ಶೇಂಗಾ ಹಾಕಿಕೊಂಡು ಹೊರಟರೆ ಊಟ ಅರಗುವವರೆಗೆ ತುಳಿಯುತ್ತಿದ್ದೆ. ಸೈಕಲ್ ಹೊಡೆಯುತ್ತ ಖುಷಿಯಾಗುತ್ತಿತ್ತು ಅಂದರೆ ಸುಳ್ಳು ಹೇಳಿದಂತಾಗುತ್ತದೆ. ದುಃಖವೂ ಆಗುತ್ತಿರಲಿಲ್ಲ. ಚೈನಿನ ಕಿರುಗುಟ್ಟುವಿಕೆ, ಗಾಳಿಗೆ ಹುಲ್ಲಿನ ಸದ್ದು, ಬಿಸಿಯೇರಿದ ಟಾರಿನ ವಾಸನೆ. ನನ್ನ ಮುಖ ಹಿಡಿದು ನೋಡುವವರು ಯಾರೂ ಅಲ್ಲಿರಲಿಲ್ಲ. ಒಮ್ಮೊಮ್ಮೆ ದೂರದಲ್ಲಿ ಚಿಗರೆಗಳು ತಲೆಯೆತ್ತಿ ನೋಡಿ, ಇವಳಿಂದ ಏನೂ ಆಗಬೇಕಾದ್ದಿಲ್ಲ ಅಂತ ಮತ್ತೆ ಮೇಯುತ್ತಿದ್ದವು. ಅದು ನನಗೆ ಹಿಡಿಸುತ್ತಿತ್ತು.

"ಎಲ್ಲಿಗೆ ಹೋಗಿದ್ಯೇ?" ಅಂತ ಅಜ್ಜಿ ಕೇಳುತ್ತಿದ್ದಳು.

"ಸುಮ್ನೆ."

"ಸುಮ್ನೆ ಅಂದ್ರೆ ಯಾವೂರೇ ಅದು?" ಅಂತ ಗೌರಕ್ಕ ನಡುವೆ ಬಾಯಿ ಹಾಕುತ್ತಿದ್ದಳು.

ಆ ಕಾವಲಿನ ಸುತ್ತಮುತ್ತ ನಾಯಕರ ಹಟ್ಟಿಗಳ ದೇವರ ದನ ಮೇಯುತ್ತಿದ್ದವು. ಅವನ್ನು ಯಾರೂ ಹೂಡುವುದಿಲ್ಲ, ಮಾರುವುದಿಲ್ಲ. ಅವು ದೇವರವು. ಎದುರಾದರೆ ಸೈಕಲ್ ಇಳಿಯಬೇಕು, ಚಪ್ಪಲಿ ಬಿಡಬೇಕು, ಎಲ್ಲ ದಾಟುವವರೆಗೆ ನಿಲ್ಲಬೇಕು ಅಂತ ಮಾವ ಮೊದಲ ದಿನವೇ ಹೇಳಿದ್ದ. ಒಂದು ಮಧ್ಯಾಹ್ನ ಅವು ಎದುರಾದವು. ಬಿಳಿ, ಬೂದು, ಉದ್ದ ಕೋಡಿನವು, ಅವಸರವಿಲ್ಲದವು. ನಾನು ಇಳಿದೆ. ಚಪ್ಪಲಿ ಬಿಟ್ಟೆ. ಹ್ಯಾಂಡಲ್ ಹಿಡಿದು ಟಾರಿನ ಮೇಲೆಯೇ ನಿಂತೆ.

ಊರಿನ ಮಕ್ಕಳಾಗಿದ್ದರೆ ಪಕ್ಕದ ಮಣ್ಣಿಗೆ, ಹುಲ್ಲಿನ ಮೇಲೆ ಇಳಿಯುತ್ತಿದ್ದರು. ಅದನ್ನು ಯಾರೂ ನನಗೆ ಹೇಳಿರಲಿಲ್ಲ. ಹೇಳಿಕೊಡುವ ಮಾತೇ ಅಲ್ಲ ಅದು, ಕಾಲು ಸುಟ್ಟರೆ ಯಾರಾದರೂ ತಾವೇ ಇಳಿಯುತ್ತಾರೆ. ದನ ಒಂದೊಂದಾಗಿ ದಾಟಿದವು. ಕೊನೆಗೆ ಬಂದ ಕಿಲಾರಿ, ಆ ದನ ಕಾಯುವ ಮುದುಕ, ಕಂಬಳಿ ಸರಿಮಾಡಿಕೊಳ್ಳುತ್ತ ನನ್ನ ಕಾಲು ನೋಡಿ ಗಾಬರಿಯಾದ.

"ಏಮ್ಮಾ, ಕಾಲು ಸುಡಾಕಿಲ್ವಾ? ಮಣ್ಣಿಗೆ ಇಳಿಯಮ್ಮಾ, ಮಣ್ಣಿಗೆ!"

ಆಗ ಇಳಿದೆ. ಚಪ್ಪಲಿ ಮೆಟ್ಟಿಕೊಂಡು ಮನೆಗೆ ಬಂದೆ.

ಮನೆಯಂಗಳದಲ್ಲಿ ಕಾಲು ತೊಳೆಯುವಾಗ ಅಜ್ಜಿಯ ಕಣ್ಣಿಗೆ ಬಿತ್ತು. ಎರಡೂ ಅಂಗಾಲಿನಲ್ಲಿ ದೊಡ್ಡ ಬೊಬ್ಬೆ ಎದ್ದಿತ್ತು. ನನ್ನನ್ನು ಕಟ್ಟೆಯ ಮೇಲೆ ಕೂರಿಸಿ, ಹರಳೆಣ್ಣೆ ತಂದು, ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡಳು.

"ಇಷ್ಟು ಸುಟ್ಟೈತೆ, ಗೊತ್ತೇ ಆಗಲಿಲ್ವೇನೇ?"

"ಇಲ್ಲ ಅಜ್ಜಿ."

ಅವಳು ಎಣ್ಣೆ ಹಚ್ಚುತ್ತಿದ್ದ ಕೈ ನಿಲ್ಲಿಸಿದಳು. ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದಳು.

"ನಂಗೂ ಹಂಗೇ ಆಗೈತೆ ಕಣೇ. ಹೆತ್ತ ಮಗಳು ಹೋದ್ಲು, ಒಂದು ಹನಿ ಬಂದಿಲ್ಲ. ಬಂದೋರಿಗೆ ನೀರು ಕೊಡು, ಚಾಪೆ ಹಾಸು ಅಂತ ಓಡಾಡ್ತಿದ್ದೀನಿ. ಎಲ್ರೂ ನಿನ್ನ ಮುಖ ನೋಡ್ತಾರೆ, ನನ್ನ ಮುಖ ಯಾರೂ ನೋಡಿಲ್ಲ."

"ಅವ್ವನ್ನ ಕಂಡ್ರೆ ನಿಂಗೆ ಇಷ್ಟ ಇತ್ತಾ ಅಜ್ಜಿ?" ಅಂತ ಕೇಳಿದೆ. ನನಗೆ ಬೇಕಿದ್ದದ್ದು ಅದೊಂದೇ ಉತ್ತರ.

"ಪ್ರಾಣ ಇಟ್ಕೊಂಡಿದ್ದೆ ಕಣೇ."

ಅಬ್ಬಾ ಅನ್ನಿಸಿತು. ಹಾಗಾದರೆ ಅಳು ಬರದಿದ್ದರೂ ಇಷ್ಟ ಇರಬಹುದು. ಅವತ್ತು ನಾವಿಬ್ಬರೂ ಅಳಲಿಲ್ಲ. ಅಜ್ಜಿ ಉಳಿದ ಎಣ್ಣೆಯನ್ನು ತನ್ನ ಒಡೆದ ಹಿಮ್ಮಡಿಗೆ ಸವರಿಕೊಂಡು ಒಲೆ ಹಚ್ಚಲು ಎದ್ದಳು.

ಮಾರನೆಯ ದಿನ ಗೌರಕ್ಕ ಬಂದು ರಾಗ ತೆಗೆದಾಗ ಅಜ್ಜಿ ಗದರಿದಳು: "ಅದನ್ನ ಅದರ ಪಾಡಿಗೆ ಬಿಡೇ ಮಾರಾಯ್ತಿ." ಬೊಬ್ಬೆ ಆರಿದ ಮೇಲೆ ನಾನು ಮತ್ತೆ ರಸ್ತೆಗೆ ಹೋದೆ. ಸಂಜೆ ಬರುವಾಗ ಅಜ್ಜಿ ಊರಂಚಿನ ಹೊಂಗೆಮರದ ಕೆಳಗೆ ನಿಂತಿರುತ್ತಿದ್ದಳು. ಎಲ್ಲಿಗೆ ಅಂತ ಮತ್ತೆ ಕೇಳಲಿಲ್ಲ. "ಹೋಗಿ ಬಂದ್ಯಾ?" ಅನ್ನುತ್ತಿದ್ದಳು, ಅಷ್ಟೆ.

ಹೋದ ಬೇಸಿಗೆಯಲ್ಲಿ ಅಜ್ಜಿ ತೀರಿಕೊಂಡಳು. ತುಂಬು ವಯಸ್ಸು, ಮಲಗಿದಲ್ಲೇ ಹೋದಳು. ನಾನೀಗ ಚಳ್ಳಕೆರೆಯಲ್ಲೇ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ, ಊರು ದೂರವೇನಲ್ಲ. ಹೋದೆ. ಈ ಸಲವೂ ಅಳು ಬರಲಿಲ್ಲ. ಮಣ್ಣು ಮಾಡಿದ ಮಾರನೆಯ ದಿನ, ಹಲ್ಲೆಲ್ಲ ಉದುರಿದ ಗೌರಕ್ಕ ಕೋಲೂರಿಕೊಂಡು ಬಂದು ನನ್ನ ಮುಖ ಹಿಡಿದಳು. "ಅತ್ತುಬಿಡವ್ವಾ, ಹಗುರಾಗ್ತೈತೆ." ಅವಳ ಹೆಗಲಾಚೆ ನಿಂತಿದ್ದ ಸಿದ್ದಮಾವ, ಈಗ ತಲೆಯೆಲ್ಲ ನೆರೆತವನು, ನನಗಷ್ಟೇ ಕೇಳುವ ಹಾಗೆ ಅಂದ: "ಹಿತ್ತಲಲ್ಲಿ ನನ್ನ ಮಗನ ಸೈಕಲ್ ಐತೆ. ಹೋಗಿ ಬಾ."

ಹೋದೆ. ಹೊಂಗೆಮರ ಇರಲಿಲ್ಲ, ರಸ್ತೆ ಅಗಲವಾಗಿತ್ತು. ಲಾರಿಗಳು ಹಾರ್ನ್ ಹೊಡೆದು ನನ್ನನ್ನು ಅಂಚಿಗೆ ತಳ್ಳಿ ಹೋದವು. ಆಮೇಲೆ ಗೋಡೆ ಬಂತು. ಕಾವಲಿನ ಜಾಗವನ್ನು ಸರ್ಕಾರ ಯಾವುದೋ ದೊಡ್ಡ ಸಂಸ್ಥೆಗೆ ಕೊಟ್ಟಿತ್ತು. ಕಣ್ಣು ಹಾಯುವವರೆಗೂ ಗೋಡೆ, ಅದರ ಮೇಲೆ ಮುಳ್ಳುತಂತಿ. ನಾನು ತುಳಿಯುತ್ತಿದ್ದ ರಸ್ತೆ ಒಂದು ಕಬ್ಬಿಣದ ಗೇಟಿನ ಒಳಗೆ ಹೋಗುತ್ತಿತ್ತು. ಕಾವಲಿಗಿದ್ದ ಎಳೆ ಹುಡುಗ ಎದ್ದು ನಿಂತ.

"ಎಲ್ಲಿಗೆ ಹೋಗ್ಬೇಕು ಮೇಡಂ?"

"ಸುಮ್ನೆ."

"ಸುಮ್ನೆಲ್ಲ ಒಳಗೆ ಬಿಡಂಗಿಲ್ಲ ಮೇಡಂ. ಯಾರನ್ನ ನೋಡ್ಬೇಕಿತ್ತು?"

"ಯಾರನ್ನೂ ಇಲ್ಲ" ಅಂದೆ. ಅವನಿಗೆ ನನ್ನ ಮೇಲೆ ಅನುಮಾನ ಬಂದಿರಬೇಕು. ಬಂದರೆ ತಪ್ಪೇನಿಲ್ಲ.

ಸೈಕಲ್ ತಿರುಗಿಸಿಕೊಂಡು ಸ್ವಲ್ಪ ದೂರ ಬಂದು ಇಳಿದೆ. ದನ ಇರಲಿಲ್ಲ, ಕಿಲಾರಿ ಇರಲಿಲ್ಲ. ಅತ್ತ ಇತ್ತ ನೋಡಿ ಚಪ್ಪಲಿ ಬಿಟ್ಟು ಟಾರಿನ ಮೇಲೆ ನಿಂತೆ. ಚುರ್ರೆಂದಿತು. ತಡೆಯಲಾಗದೆ ಪಕ್ಕದ ಮಣ್ಣಿಗೆ ಹಾರಿಕೊಂಡೆ.

ಈ ಸಲ ಸುಟ್ಟದ್ದು ಗೊತ್ತಾಯಿತು. ಹೋಗಿ ಹೇಳೋಣವೆಂದರೆ ಅಜ್ಜಿ ಇರಲಿಲ್ಲ.