ರಹೀಮ್ ಅಂಕಲ್ ಕಣ್ಣು

ರಹೀಮ್ ಅಂಕಲ್ ಯಾರನ್ನು ಕಂಡರೂ ಮೊದಲು ನೋಡುತ್ತಿದ್ದುದು ಕಣ್ಣಿನ ಕೆಳಗಿನ ಎರಡಂಗುಲ ಜಾಗವನ್ನು. ಕ್ಷೇಮಸಮಾಚಾರವೆಲ್ಲ ಆಮೇಲೆ. ಮೊದಲ ಭೇಟಿಯಲ್ಲೇ ನನಗೆ, ನಿದ್ದೆ ಸಾಲದು, ಮೈಯಲ್ಲಿ ರಕ್ತವೂ ಸಾಲದು ಎಂದಿದ್ದರು. ಮೈ ಉರಿದುಹೋಯಿತು. ಪರೀಕ್ಷೆ ಮಾಡಿಸಿದರೆ ಎರಡನೆಯದೂ ನಿಜವೇ ಆಗಿತ್ತು.

ಅವರು ನನ್ನ ಸಹೋದ್ಯೋಗಿ ನಸ್ರೀನ್‌ಳ ತಂದೆ. ಮೈಸೂರಿನಲ್ಲಿ ಸ್ಟುಡಿಯೋ ಇಟ್ಟುಕೊಂಡು, ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಊರವರ ಮೊಡವೆ ಕಲೆಗಳನ್ನೆಲ್ಲ ಅಳಿಸಿದ ಕೈ. ಹೆಂಡತಿ ತೀರಿಕೊಂಡ ಮೇಲೆ ಅಮೆರಿಕದ ಸಮಾಮಿಶ್‌ನಲ್ಲಿದ್ದ ಮಗಳ ಮನೆಗೆ ಬಂದವರು ಅದೇ ಕೆಲಸವನ್ನು ಕಂಪ್ಯೂಟರಿನಲ್ಲಿ ಕಲಿತರು. ಹುಟ್ಟುಹಬ್ಬ, ಗೃಹಪ್ರವೇಶ, ಹುಡುಗಿ ತೋರಿಸುವ ಫೋಟೋ, ಯಾವುದಕ್ಕೆ ಕರೆದರೂ ತಾವೇ ಕಾರು ಓಡಿಸಿಕೊಂಡು ಬರುತ್ತಿದ್ದರು. ಮುಕಿಲ್ಟಿಯೊದ ಒಬ್ಬ ದಪ್ಪನೆಯ ಇಂಜಿನಿಯರ್ ತನ್ನ ಹಿಂದೆ ಹಿಮದ ಪರ್ವತ ಬೇಕೆಂದಾಗ, "ಹಾಕ್ತೀನಿ ಸಾರ್, ನೀವು ಸ್ವಲ್ಪ ಪಕ್ಕಕ್ಕೆ ನಿಂತ್ರೆ ಅದೂ ಕಾಣ್ಸತ್ತೆ" ಎಂದರು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ನನಗೆ ಅವರೆಂದರೆ ಇಷ್ಟವಿತ್ತು, ಅದನ್ನು ಮುಚ್ಚಿಡುವುದಿಲ್ಲ.

ನನ್ನ ಮಗಳು ಅನಘಾಳ ರಂಗಪ್ರವೇಶದ ಆಹ್ವಾನಪತ್ರಿಕೆಗೆ ಅವರೇ ಫೋಟೋ ತೆಗೆದರು. ಅನಘಾಳದು ಅಪ್ಪನ ಬಣ್ಣ, ಕಪ್ಪು. ನಾನು ಅಂಕಲ್‌ರನ್ನು ಅಡಿಗೆಮನೆಗೆ ಕರೆದು, ಮುಖ ಸ್ವಲ್ಪ ಬೆಳ್ಳಗೆ ಮಾಡಿ ಎಂದೆ.

"ಬೇಡ ಅಮ್ಮಾ. ಈ ಬಣ್ಣಕ್ಕೆ ಹಿಂದೆ ಅರಿಶಿನ ಕೊಟ್ರೆ ಮುಖ ಎದ್ದು ಬರುತ್ತೆ, ನೋಡಿ."

ನಾನು ಬಿಡಲಿಲ್ಲ. ಇನ್ನೊಮ್ಮೆ ಬೇಡವೆಂದರು. ಆಮೇಲೆ ನಾನು ಹೇಳಿದಷ್ಟು ಮಾಡಿಕೊಟ್ಟರು.

ಪತ್ರಿಕೆ ಬಂದ ದಿನ ಅನಘಾ ಅದನ್ನು ತಿರುಗಿಸಿ ನೋಡಿ, ಇದು ಯಾರ ಫೋಟೋ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅಂಕಲ್ ಹಳೇ ಕಾಲದವರು, ಕೇಳದೆಯೇ ಹೀಗೆ ಮಾಡಿಬಿಟ್ಟಿದ್ದಾರೆ ಎಂದು ನಾನು ಹೇಳಿದೆ. ಅವಳು ನಂಬಿದಳು.

ರಂಗಪ್ರವೇಶದ ದಿನ ಬಾಗಿಲಲ್ಲಿ ಆಳೆತ್ತರದ ಅದೇ ಫೋಟೋ. ಗೆಜ್ಜೆ ಕಟ್ಟಿಕೊಂಡ ಅನಘಾ ಅದರ ಮುಂದೆಯೇ ಅಂಕಲ್‌ರನ್ನು ನಿಲ್ಲಿಸಿ, ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದಳು. ಅವರು ನನ್ನ ಕಡೆ ನೋಡಿದರು. ಒಂದು ಸುಳ್ಳು ಹೇಳಿ ನನ್ನ ಮಾನ ಉಳಿಸುತ್ತಾರೆ ಎಂದುಕೊಂಡೆ.

"ನಿಮ್ಮಮ್ಮ ಹೇಳಿದ್ರು ಬೇಟಾ. ನಾನು ಎರಡು ಸಲ ಬೇಡ ಅಂದೆ."

ಅವಳು ಚೆನ್ನಾಗಿಯೇ ಕುಣಿದಳು, ಒಂದು ಸಲವೂ ನನ್ನ ಕಡೆ ತಿರುಗದೆ. ಅಂದಿನಿಂದ ನನ್ನ ಮೊಬೈಲಿನಲ್ಲಿ ಒಂದು ಫೋಟೋ ತೆಗೆಯಲೂ ಬಿಟ್ಟಿಲ್ಲ.

ನಾನೂ ಸುಮ್ಮನಿರುವ ಹೆಣ್ಣಲ್ಲ. ಹೋದ ಮನೆಯಲ್ಲೆಲ್ಲ ಊಟದ ತಟ್ಟೆ ಹಿಡಿದುಕೊಂಡು, ಪಾಪ, ಅಂಕಲ್‌ಗೆ ಕಣ್ಣು ಕಾಣ್ತಿಲ್ಲ, ಬಣ್ಣವೇ ಗೊತ್ತಾಗ್ತಿಲ್ಲ, ಅನಘಾ ಫೋಟೋ ನೋಡಿದ್ರಲ್ಲ ಎಂದೆ. 'ಪಾಪ' ಸೇರಿಸಿದರೆ ಜನ ಏನನ್ನೂ ನಂಬುತ್ತಾರೆ. ಅವರನ್ನು ಕರೆಯುವವರು ಇಲ್ಲವಾದರು. ಮಾತು ಸುತ್ತಿ ನಸ್ರೀನ್ ಕಿವಿಗೂ ಬಿತ್ತು. ಅವಳು ಒಳ್ಳೆಯ ಮಗಳು, ಹೆದರಿ ಅಪ್ಪನಿಂದ ಕಾರಿನ ಕೀ ಕಿತ್ತುಕೊಂಡಳು. ಹಾಲು ತರಲೂ ಕಾರೇ ಬೇಕಾದ ಕಡೆ ಕಾರಿಲ್ಲದವರಿಗೆ ಮನೆಯೇ ಜೈಲು.

ಕೊನೆಯ ಸಲ ಕಂಡಿದ್ದು ಬಕ್ರೀದ್ ಊಟಕ್ಕೆ ನಸ್ರೀನ್ ಕರೆದಾಗ. ಕರ್ಕ್‌ಲ್ಯಾಂಡ್‌ನ ಆಫೀಸು ಮುಗಿಸಿ ನೇರ ಹೋಗಿದ್ದೆ. ಅಂಕಲ್ ಕಿಟಕಿ ಬಳಿ ಕೂತಿದ್ದವರು ಎದ್ದು ಬಂದರು. ತುಂಬ ಇಳಿದುಹೋಗಿದ್ದರು.

"ಡಾಕ್ಟರ್ ಕಣ್ಣು ಚೆನ್ನಾಗಿದೆ ಅಂದ್ರು ಅಮ್ಮಾ. ಹಂಗಾದ್ರೆ ಜನ ಯಾಕೆ ಹಂಗಂತಾರೆ ಅಂತಾಳೆ ನಸ್ರೀನ್. ನಿಮ್ಮ ಮಾತು ಕೇಳ್ತಾಳೆ. ಒಂದ್ಸಲ ಹೇಳಿ, ಕೀ ಕೊಡ್ತಾಳೆ."

ಆ ಜನ ಯಾರೆಂದು ಅವರಿಗೆ ಗೊತ್ತಿತ್ತೋ ಇಲ್ಲವೋ. ಮುಖದಲ್ಲಿ ಸಿಟ್ಟಂತೂ ಇರಲಿಲ್ಲ, ಅದು ನನ್ನನ್ನು ಇನ್ನಷ್ಟು ಕೆರಳಿಸಿತು. ಹೇಳ್ತೀನಿ ಅಂಕಲ್ ಎಂದೆ.

ನಸ್ರೀನ್ ಬಿರಿಯಾನಿ ಡಬ್ಬಿ ಹಿಡಿದು ಕಾರಿನವರೆಗೆ ಬಂದಳು. ಅಪ್ಪ ಹೇಗಿದ್ದಾರೆ ಅನ್ನಿಸಿತು ಎಂದು ಕೇಳಿದಳು.

"ಹುಷಾರಾಗಿರು ನಸ್ರೀನ್," ಎಂದೆ. "ನನ್ನನ್ನೇ ಗುರುತು ಹಿಡಿಯೋಕೆ ಅವರಿಗೆ ಒಂದು ನಿಮಿಷ ಬೇಕಾಯ್ತು."

ಮರುವಾರ ಅವಳು ಅಪ್ಪನ ಕಾರನ್ನೇ ಮಾರಿಬಿಟ್ಟಳು. ಚಳಿಗಾಲ ಮುಗಿಯುವ ಮೊದಲು ಅಂಕಲ್ ತೀರಿಕೊಂಡರು. ಕೊನೆಗಾಲದಲ್ಲಿ ಅಪ್ಪನ ಬಗ್ಗೆ ಎಚ್ಚರಿಸಿದವಳು ನೀನೊಬ್ಬಳೇ ಎಂದು ನಸ್ರೀನ್ ಈಗಲೂ ನನ್ನ ಕೈ ಹಿಡಿದು ಅಳುತ್ತಾಳೆ.