ಹಿರಿಯ ಮಗನ ಬಿಪಿ

ಅಣ್ಣ ತೀರಿಕೊಂಡು ಎರಡು ತಿಂಗಳಾಗಿತ್ತು. ಬಂದರಿನಲ್ಲಿ ನಮ್ಮದು ಒಣಮೀನಿನ ಸಗಟು ಅಂಗಡಿ. ಅಜ್ಜ, ಬಾಪ, ಅಣ್ಣ ಮೂವರೂ ಅಲ್ಲಿ ಒಂದೇ ಕುರ್ಚಿಯಲ್ಲಿ ಕೂತವರು, ಮೂವರೂ ಬಿಪಿ ಏರಿ ಹೋದವರು. ಮೂವರೂ ಹಿರಿಯ ಮಕ್ಕಳು. ಹಾಗಾಗಿ ನಮ್ಮಲ್ಲಿ ಬಿಪಿ ಎಂದರೆ ಕಾಯಿಲೆಯಲ್ಲ, ಅಂಗಡಿಯ ಬೀಗದ ಕೈಯ ಜೊತೆ ಹಿರಿಯ ಮಗನಿಗೆ ಬರುವ ಆಸ್ತಿ. ಎರಡನೆಯವನಾದ ನಾನು ಅದರಿಂದ ಪಾರು ಎಂದು ಎಲ್ಲರೂ, ಮುಖ್ಯವಾಗಿ ನಾನು, ನಂಬಿದ್ದೆವು.

ಹೊಸ ಮಾಲು ಬಂದರೆ ಒಂದು ಚೂರು ಮುರಿದು ನಾಲಿಗೆಯ ಮೇಲಿಟ್ಟು ಉಪ್ಪು ಸರಿಯಾಗಿ ಹಿಡಿದಿದೆಯೇ ಎಂದು ನೋಡುವುದು ನಮ್ಮ ರೂಢಿ. ನೋಡಿ ಉಗುಳಬೇಕು. ಅಣ್ಣ ಉಗುಳಿದ್ದನ್ನು ನಾನು ಕಂಡಿಲ್ಲ. ಮಾಲಿಗೆ ಅವಮಾನ ಆಗುತ್ತದೆ ಎನ್ನುತ್ತಿದ್ದ. ಮಧ್ಯಾಹ್ನ ಗಂಜಿಗೆ ಮತ್ತೆ ಒಣಮೀನಿನ ಚಟ್ನಿ. ಅಂಗಡಿಯಿಂದ ಮಸೀದಿಗೆ ನೂರು ಹೆಜ್ಜೆ; ಅದಕ್ಕೂ ಸ್ಕೂಟರು. ಮನೆಯಲ್ಲಿ ಯಾರಿಗಾದರೂ ಬಿಪಿ ಉಂಟಾ ಎಂದು ಡಾಕ್ಟರು ಒಮ್ಮೆ ಕೇಳಿದಾಗ ಇಲ್ಲ ಎಂದು ಹೇಳಿ ಬಂದಿದ್ದ. ಇದ್ದವರು ಸತ್ತಿದ್ದಾರಲ್ಲ, ಈಗ ಯಾರಿಗೂ ಇಲ್ಲ ಎಂಬುದು ಅವನ ವಾದ. ಕೊಟ್ಟ ಮಾತ್ರೆಯನ್ನು ತಲೆನೋವು ಬಂದ ದಿನ ಮಾತ್ರ ನುಂಗುತ್ತಿದ್ದ.

ಈಗ ಉಮ್ಮನಿಗೆ ಉಳಿದಿರುವ ಮಗ ನಾನೊಬ್ಬನೇ. ಅವಳು ನನ್ನನ್ನು ಕೊಟ್ಟಾರದ ಕ್ಲಿನಿಕ್ಕಿಗೆ ಎಳೆದುಕೊಂಡು ಹೋದಳು. ನಾನೂ ಸುಳ್ಳು ಹೇಳಿಯೇನೆಂದು ಒಳಗೂ ಬಂದಳು. ನನ್ನದು ನೂರ ಅರುವತ್ತು ಬಂತು. ಹಿರಿಯ ಮಗನಾಗದೆಯೂ ಬಂತು.

"ನಿನ್ನ ಅಣ್ಣನಿಗೆ ಇನ್ನೂರರ ಹತ್ತಿರ ಇತ್ತು," ಎಂದಳು ಉಮ್ಮ, ನಾನು ಪರೀಕ್ಷೆಯಲ್ಲಿ ಕಡಿಮೆ ಅಂಕ ತಂದವನಂತೆ.

ಮನೆತನದ ಬಗ್ಗೆ ಕೇಳಿದಾಗ ಅವಳೇ ಮೂವರನ್ನೂ ಬೆರಳು ಮಡಚಿ ಲೆಕ್ಕ ಹೇಳಿದಳು. ತಾಯಿಯ ಕಡೆ ಹೇಗೆ ಎಂದರು ಡಾಕ್ಟರು. ಅದು ಗಂಡಸರ ಕಾಯಿಲೆ, ತನಗೆ ಯಾರೂ ನೋಡಿಲ್ಲ ಎಂದಳು. ಡಾಕ್ಟರು ಅವಳ ತೋಳಿಗೂ ಪಟ್ಟಿ ಸುತ್ತಿದರು. ಎಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ನನ್ನದಕ್ಕಿಂತ ಇಪ್ಪತ್ತು ಜಾಸ್ತಿ ಇತ್ತು. ಇನ್ನೊಮ್ಮೆ ನೋಡಿದರೂ ಅಷ್ಟೇ.

ತಂದೆ ತಾಯಿ ಇಬ್ಬರ ಕಡೆಯಿಂದಲೂ ಬರಬಹುದು, ಅದನ್ನು ಬದಲಿಸಲಿಕ್ಕೆ ಆಗುವುದಿಲ್ಲ. ಉಪ್ಪು ಕಡಿಮೆ ಮಾಡಬಹುದು, ನಡೆಯಬಹುದು, ಮಾತ್ರೆ ದಿನಾ ತೆಗೆದುಕೊಳ್ಳಬಹುದು ಎಂದು ಡಾಕ್ಟರು ನಿಧಾನವಾಗಿ ಹೇಳಿದರು. ಉಮ್ಮ ಮೊದಲ ವಾಕ್ಯದಲ್ಲೇ ನಿಂತುಬಿಟ್ಟಿದ್ದಳೆಂದು ನನಗೆ ಆಮೇಲೆ ಗೊತ್ತಾಯಿತು.

ಕೂಳೂರು ಸೇತುವೆಯ ಮೇಲೆ ರಿಕ್ಷಾ ಟ್ರಾಫಿಕ್ಕಿನಲ್ಲಿ ನಿಂತಾಗ ಕೇಳಿದಳು: "ಹಾಗಾದರೆ ಅವನಿಗೆ ನಾನೇ ಕೊಟ್ಟದ್ದಾ?"

ಎರಡು ತಿಂಗಳು ಬಿಡದೆ ಅತ್ತವಳು ಆಗ ಅಳಲಿಲ್ಲ. ನನಗೆ ಹೆದರಿಕೆಯಾಯಿತು. ಡಾಕ್ಟರು ಹೇಳಿದ್ದಕ್ಕೆ ಸ್ವಲ್ಪ ನನ್ನದನ್ನೂ ಸೇರಿಸಿದೆ.

"ಬಾಪನದ್ದೇ ಜಾಸ್ತಿ ಉಮ್ಮಾ. ಉಳಿದದ್ದು ಅವನೇ ತಿಂದು ಮಾಡಿಕೊಂಡದ್ದು."

ಅವಳು ಡಾಕ್ಟರು ನನಗೆ ಕೊಟ್ಟ ಮಾತ್ರೆಯ ಪೊಟ್ಟಣವನ್ನು ಚೀಲದಿಂದ ಹೊರತೆಗೆದಳು.

"ಅದು ಹೌದು. ನಿನ್ನ ಬಾಪ ಒಳ್ಳೆಯದು ಎಂತದೂ ಕೊಟ್ಟವರಲ್ಲ."

ಆಮೇಲೆ ರಿಕ್ಷಾದವನ ಹತ್ತಿರ ನೀರು ಉಂಟಾ ಎಂದು ಕೇಳಿ, ಮಾತ್ರೆಯೊಂದನ್ನು ಬಿಡಿಸಿ ನನ್ನ ಅಂಗೈಯಲ್ಲಿಟ್ಟು, ನಾನು ನುಂಗುವವರೆಗೆ ಗಂಟಲನ್ನೇ ನೋಡುತ್ತ ಕೂತಳು.